ಚಾಲಕ ನೆರವಿನ ಕಾರೋ, ಸಾದಾ ಕಾರೋ?

ಚಾಲಕನೇ ಇಲ್ಲದ ವೇಮೊ ಟ್ಯಾಕ್ಸಿಗಳು ಅಮೆರಿಕದ ಫೀನಿಕ್ಸ್, ಸ್ಯಾನ್ ಫ್ರಾನ್ಸಿಸ್ಕೊ ನಗರಗಳಲ್ಲಿ ಜನರನ್ನು ಹೊತ್ತು ಓಡುತ್ತಿವೆಯಾದರೂ, ಮೈಸೂರಿನ ಶೋರೂಮಿನಲ್ಲಿ ಸಿಗುವುದು ‘ಅಡಾಸ್’ ಎಂಬ ಚಾಲಕ ನೆರವಿನ ಕಾರು ಮಾತ್ರ. ಸೊನ್ನೆಯಿಂದ ಐದರವರೆಗಿನ ಸ್ವಯಂಚಾಲನೆಯ ಹಂತಗಳಲ್ಲಿ ಇದು ಹೆಚ್ಚೆಂದರೆ ‘ಹಂತ 2’ಕ್ಕೆ ಸೇರುತ್ತದೆ. ಸ್ಟಿಯರಿಂಗ್ ಮೇಲೆ ಕೈ, ರಸ್ತೆಯ ಮೇಲೆ ಕಣ್ಣು ಇರಲೇಬೇಕು.

ಆಗಾಗ ಬೆಂಗಳೂರಿಗೆ ಹೋಗಿಬರುವವರಿಗೆ ಇದು ನಿಜಕ್ಕೂ ಉಪಯುಕ್ತ. 2023ರ ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲದ ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ, ಮುಂದಿನ ವಾಹನದಿಂದ ಅಂತರ ಕಾಯ್ದುಕೊಳ್ಳುವ ಕ್ರೂಸ್ ಕಂಟ್ರೋಲ್ ದಣಿವನ್ನು ತಗ್ಗಿಸುತ್ತದೆ. ಚಾಲಕ ಮೈಮರೆತಾಗ ತಾನಾಗಿ ಬೀಳುವ ಬ್ರೇಕ್ ಜೀವ ಉಳಿಸಬಲ್ಲದು.

ಹೆದ್ದಾರಿ ಬಿಟ್ಟು ಮದ್ದೂರು, ಮಳವಳ್ಳಿಯ ಒಳರಸ್ತೆ ಹಿಡಿದರೆ ಮಾತೇ ಬೇರೆ. ಗೆರೆಯಿಲ್ಲದ ಡಾಂಬರಿನಲ್ಲಿ ಪಥ ಕಾಯುವ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಹಿಂದೆ ದೀಪವಿಲ್ಲದೆ, ಬದಿಗೆ ಜಲ್ಲೆ ಚಾಚಿಕೊಂಡು ಸಾಗುವ ಕಬ್ಬಿನ ಗಾಡಿಯನ್ನಾಗಲಿ, ಒಕ್ಕಣೆಗೆಂದು ರಸ್ತೆಯುದ್ದಕ್ಕೂ ಹರವಿದ ಹುರುಳಿಯನ್ನಾಗಲಿ (ಹಾಗೆ ಹರವುವುದು ತಪ್ಪೆಂಬುದು ಬೇರೆ ಮಾತು) ಕ್ಯಾಮೆರಾ ಸರಿಯಾಗಿಯೇ ಗುರುತಿಸುತ್ತದೆಂದು ನೆಚ್ಚಿಕೊಳ್ಳುವಂತಿಲ್ಲ. ಪೇಟೆಯಲ್ಲಿ ಸ್ಕೂಟರೊಂದು ನುಸುಳಿದಾಗ ಹಠಾತ್ತನೆ ಬ್ರೇಕ್ ಬಿದ್ದು ಹಿಂದಿನವರು ಗುದ್ದುವ ಅಪಾಯವೂ ಉಂಟು.

ಖರ್ಚಿನಲ್ಲಿ ಸಾದಾ ಕಾರೇ ಹಗುರ. ಅಡಾಸ್ ಸಾಮಾನ್ಯವಾಗಿ ದುಬಾರಿ ಆವೃತ್ತಿಗಳಲ್ಲಿ ಬರುತ್ತದೆ. ಜೊತೆಗೆ ಮುಂದಿನ ಗಾಜು ಬದಲಿಸಿದಾಗ ಅದರ ಹಿಂದಿನ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕಾಗುತ್ತದೆ.

ಓಡಾಟವೆಲ್ಲ ಪಾಂಡವಪುರ, ಕೆ.ಆರ್. ಪೇಟೆ ಕಡೆಗೇ ಇರುವವರು ಸಾದಾ ಕಾರು ಕೊಂಡು, ಉಳಿದ ಹಣವನ್ನು ಆರು ಏರ್‌ಬ್ಯಾಗ್‌ಗೂ ಒಳ್ಳೆಯ ಟೈರುಗಳಿಗೂ ಹಾಕುವುದು ಮೇಲು.