ಚಿಕ್ಕ ಮದುವೆಗೆ ಹಾಲ್ ಹುಡುಕುತ್ತಿದ್ದೀರಾ? ಅಡ್ವಾನ್ಸ್ ಕೊಡುವ ಮುಂಚೆ ಇದನ್ನು ಓದಿ

ದೊಡ್ಡ ನಗರದಲ್ಲಿ ಚಿಕ್ಕದಾಗಿ, ಹತ್ತಿರದವರನ್ನಷ್ಟೇ ಕರೆದು ಮದುವೆ ಮಾಡೋಣ ಅಂತ ಹೊರಟಿದ್ದೀರಾ? ಹಾಗಾದ್ರೆ ಸ್ವಲ್ಪ ನಿಲ್ಲಿ. "ಇಂಟಿಮೇಟ್ ವೆಡ್ಡಿಂಗ್ ಪ್ಯಾಕೇಜ್" ಅಂತ ಬೋರ್ಡ್ ಹಾಕಿಕೊಂಡ ಒಂದು ಕಡೆ ನಾವು ಚೆನ್ನಾಗಿ ಸಿಕ್ಕಿಬಿದ್ದೆವು. ಹೆಸರು ಬರೆಯುತ್ತಿಲ್ಲ. ಈ ಆಟ ಆಡುವವರು ಅವರೊಬ್ಬರೇ ಅಲ್ಲ ಅಂತ ಆಮೇಲೆ ಗೊತ್ತಾಯಿತು.

ತಂಗಿಯ ಮದುವೆ. ಎರಡೂ ಕಡೆ ಸೇರಿ 60 ಜನ, ಅಷ್ಟೇ. ಎಲ್ಲರೂ ಒಂದೇ ಕಡೆ ಕೂರಬೇಕು, ಮೈಕ್ ಬೇಡ, ಮಾತಾಡಿದ್ದು ಕೊನೆಯ ಕುರ್ಚಿಗೂ ಕೇಳಿಸಬೇಕು. ಅವಳಿಗೆ ಬೇಕಿದ್ದು ಇಷ್ಟೇ. ಮ್ಯಾನೇಜರ್‌ಗೆ ಮೊದಲ ದಿನವೇ ಇದನ್ನೆಲ್ಲ ಬಿಡಿಸಿ ಹೇಳಿದ್ದೆ. "ಸರ್, ಇಂಥ ಮದುವೆಗಂತಲೇ ಈ ಹಾಲ್ ಮಾಡಿರೋದು. 80 ಜನ ಆರಾಮಾಗಿ ಹಿಡಿಸ್ತಾರೆ. ಆವತ್ತು ಇಡೀ ಜಾಗ ನಿಮ್ಮದೇ" ಅಂದ. ಇಡೀ ಜಾಗ ನಿಮ್ಮದೇ. ಹೀಗೇ ಹೇಳಿದ, ನಮ್ಮಮ್ಮನೂ ಪಕ್ಕದಲ್ಲೇ ಇದ್ದರು.

ನೋಡೋಕೆ ಬನ್ನಿ ಅಂತ ಕರೆದದ್ದು ವಾರದ ಮಧ್ಯದ ಒಂದು ಮಧ್ಯಾಹ್ನ. ಬೇರೆ ಹೊತ್ತು ಕೇಳಿದರೆ "ಆಗ ಕ್ಲೀನಿಂಗ್ ಇರುತ್ತೆ ಸರ್" ಅನ್ನುತ್ತಿದ್ದ. ಖಾಲಿ ಹಾಲ್, ಒಂದು ಮೇಜೂ ಇಲ್ಲ, ಎಲ್ಲ ದೀಪ ಉರಿಯುತ್ತಿತ್ತು. ಸುತ್ತ ಎಲ್ಲೂ ಸದ್ದಿಲ್ಲ. ಖಾಲಿ ಇದ್ದಾಗ ಯಾವ ಕೋಣೆಯೂ ದೊಡ್ಡದಾಗೇ ಕಾಣುತ್ತೆ, ಅಲ್ವಾ?

ಮದುವೆಯ ದಿನ ಮೇಜು ಹಾಕಿದಾಗ ಮೊದಲ ಪೆಟ್ಟು. 5 ಅಡಿಯ ದುಂಡು ಮೇಜಿಗೆ 8 ಜನ ಕೂರುತ್ತಾರೆ. ಕುರ್ಚಿ ಹಿಂದಕ್ಕೆ ಎಳೆಯಲು, ಬಡಿಸುವವರು ಓಡಾಡಲು ಜಾಗ ಬಿಟ್ಟರೆ ಒಂದೊಂದು ಮೇಜಿಗೂ 9-10 ಅಡಿ ಬೇಕು. 60 ಜನಕ್ಕೆ 8 ಮೇಜು ಬೇಕಿತ್ತು. ವೇದಿಕೆ ಹಾಕಿದ ಮೇಲೆ ಹಿಡಿಸಿದ್ದು 6. "80 ಅಂದ್ಯಲ್ಲಪ್ಪಾ?" ಅಂದೆ. "ಅದು ಫ್ಲೋಟಿಂಗ್ ಕೆಪಾಸಿಟಿ ಸರ್" ಅಂದ. ಅಂದ್ರೆ ಜನ ಬರ್ತಾ ಇರ್ತಾರೆ, ಹೋಗ್ತಾ ಇರ್ತಾರೆ, ಯಾರೂ ಕೂರೋದಿಲ್ಲ! ಕೂತುಕೊಂಡು ಮದುವೆ ನೋಡ್ತೀವಿ ಅಂತ ಬಾಯಿಬಿಟ್ಟು ಹೇಳಿದವನಿಗೆ ಇವನು ನಿಂತವರ ಲೆಕ್ಕ ಕೊಟ್ಟಿದ್ದ. ಬೀಗರ ಕಡೆಯ ಹಿರಿಯರು ತಟ್ಟೆ ಹಿಡಿದು ಲಿಫ್ಟಿನ ಬಾಗಿಲ ಹತ್ತಿರ ನಿಂತು ಊಟ ಮಾಡಿದರು. ಅವರು ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಆದರೆ ಅದಕ್ಕಿಂತ ದೊಡ್ಡದು ಊಟಕ್ಕೂ ಮುಂಚೆಯೇ ಆಗಿತ್ತು. ಹುಡುಗ ಹುಡುಗಿ ಎದುರೆದುರು ನಿಂತಿದ್ದಾರೆ. ಎಲ್ಲರೂ ಸುಮ್ಮನಾಗಿದ್ದಾರೆ. ತಂಗಿ ತಾನೇ ಬರೆದುಕೊಂಡು ಬಂದಿದ್ದ ನಾಲ್ಕು ಮಾತು ಹೇಳಲು ಬಾಯಿ ತೆರೆದಳು. ಗೋಡೆಯ ಒಳಗಿಂದ "ಹಲೋ... ಹಲೋ... ಮೈಕ್ ಟೆಸ್ಟಿಂಗ್" ಅಂತ ಗಂಡಸಿನ ದನಿ! ಆಮೇಲೆ ಧಂ ಧಂ ಅಂತ ಸ್ಪೀಕರ್. ನಾವು ಗೋಡೆ ಅಂದುಕೊಂಡಿದ್ದು ಗೋಡೆಯೇ ಅಲ್ಲ, ಮಡಚುವ ಪಾರ್ಟಿಷನ್. ಒಂದು ದೊಡ್ಡ ಹಾಲನ್ನು ಎರಡು ಮಾಡಿ, ಆ ಕಡೆ ಯಾವುದೋ ಕಂಪನಿಯ ಪಾರ್ಟಿಗೆ ಕೊಟ್ಟಿದ್ದಾರೆ. ಅದೇ ದಿನ. ಅದೇ ಹೊತ್ತಿಗೆ. ಬಣ್ಣ, ಪಟ್ಟಿ, ಮೇಲೊಂದು ಚಿತ್ರ, ಎಲ್ಲ ಗೋಡೆಯ ಹಾಗೇ ಇತ್ತು. ಇಂಥ ಪಾರ್ಟಿಷನ್ ಎಷ್ಟೇ ದಪ್ಪ ಇದ್ದರೂ, ಫಾಲ್ಸ್ ಸೀಲಿಂಗ್ ಮೇಲೆ ಸ್ಲ್ಯಾಬ್‌ವರೆಗೆ ಮುಚ್ಚದಿದ್ದರೆ ಸದ್ದು ಮೇಲಿಂದ ದಾಟಿ ಬರುತ್ತೆ. ಇದನ್ನು ನನಗೆ ಹೇಳಿದ್ದು ಅಲ್ಲಿನ ಲೈಟ್ ಹುಡುಗ. "ಯಾವಾಗಲೂ ಹೀಗೇ ಅಣ್ಣಾ" ಅಂದ. ಯಾವಾಗಲೂ!

ತಂಗಿ ಏನು ಹೇಳಿದಳೋ ಎದುರಿಗಿದ್ದ ಹುಡುಗನಿಗೂ ಸರಿಯಾಗಿ ಕೇಳಿಸಲಿಲ್ಲ.

ಓಡಿಹೋಗಿ ಮ್ಯಾನೇಜರ್‌ನ ಹಿಡಿದೆ. ಇಡೀ ಜಾಗ ನಮ್ಮದೇ ಅಂದಿದ್ದೆಯಲ್ಲ? ಅವನ ಉತ್ತರ: "ಹಾಲ್ ನಿಮಗೆ ಎಕ್ಸ್‌ಕ್ಲೂಸಿವ್ ಸರ್. ಫ್ಲೋರ್ ಅಲ್ಲ." ಸದ್ದಾದರೂ ಕಮ್ಮಿ ಮಾಡಿಸು ಅಂದರೆ, "ಅವರೂ ಕಸ್ಟಮರ್ ಸರ್, ಅವರೂ ದುಡ್ಡು ಕೊಟ್ಟಿದ್ದಾರೆ." ಮುಖದಲ್ಲಿ ಒಂದು ಚೂರೂ ಬೇಜಾರಿಲ್ಲ. ಕೋಪ ಮಾಡಿಕೊಂಡು ಬರುವ ನಾಲ್ಕನೆಯವನೋ ಐದನೆಯವನೋ ನಾನು ಅನ್ನೋ ಹಾಗೆ ನಿಂತಿದ್ದ.

ಬಿಲ್ ಬಂತು. 100 ಪ್ಲೇಟ್! ಬಂದಿದ್ದೇ 60 ಜನ ಕಣಯ್ಯಾ. "ವೀಕೆಂಡ್‌ನಲ್ಲಿ ಮಿನಿಮಮ್ ಗ್ಯಾರಂಟಿ 100 ಸರ್. ಹೌಸ್ ರೂಲ್ಸ್‌ನಲ್ಲಿದೆ." ಆ ಹೌಸ್ ರೂಲ್ಸ್ ಮೇಲ್ ಮಾಡಿದ್ದು ಅಡ್ವಾನ್ಸ್ ತಗೊಂಡ ಮಾರನೇ ದಿನ. ಕೊಟೇಶನ್‌ನಲ್ಲಿ ಅದರ ಸುಳಿವೇ ಇರಲಿಲ್ಲ. 60 ಜನರ ಪ್ಯಾಕೇಜ್ ಅಂತ ಮಾರುವುದು, 100 ಜನರ ಬಿಲ್ ಹಾಕುವುದು. ಚಿಕ್ಕ ಮದುವೆ ಅಂದರೆ ಇವರಿಗೆ ಕೆಲಸ ಮಾತ್ರ ಚಿಕ್ಕದು. ಅದರ ಮೇಲೆ ಹೊರಗಿನ ಡೆಕೋರೇಟರ್ ಕರೆತಂದಿದ್ದಕ್ಕೆ ರಾಯಲ್ಟಿ, ಜನರೇಟರ್ ಓಡಿದ ಗಂಟೆಗಿಷ್ಟು. ನಾವು ಬುಕ್ ಮಾಡಿದ ಗಂಟೆಗಳಲ್ಲೇ ಅಲಂಕಾರ ಕಟ್ಟೋದು, ಬಿಚ್ಚೋದು ಎಲ್ಲ ಸೇರಿದೆಯಂತೆ, ಹಾಗಾಗಿ ಓವರ್‌ಟೈಮ್ ಬೇರೆ.

ಡೆಪಾಸಿಟ್ ಇನ್ನೂ ಬಂದಿಲ್ಲ. ಕೇಳಿದರೆ "ಗೋಡೆಗೆ ಟೇಪ್ ಅಂಟಿಸಿದ ಗುರುತಾಗಿದೆ, ಕಟ್ ಆಗುತ್ತೆ" ಅಂತ ಮೆಸೇಜ್. ಯಾವ ಗೋಡೆ ಅಂತ ಕೇಳಿದೆ. ಫೋಟೋ ಕಳಿಸಿದ. ಅದೇ ಪಾರ್ಟಿಷನ್! ನಮ್ಮ ದುಡ್ಡು ಹಿಡಿಯೋಕೆ ಮಾತ್ರ ಅದು ಗೋಡೆ. ಅವತ್ತಿಂದ ಫೋನ್ ಮಾಡಿದಾಗಲೆಲ್ಲ "ಅಕೌಂಟ್ಸ್‌ನವರು ನೋಡ್ತಿದ್ದಾರೆ ಸರ್" ಅನ್ನುವ ಒಂದೇ ಮಾತು.

ಹಾಲ್ ನೋಡೋಕೆ ಹೋಗುವುದಾದರೆ ಶನಿವಾರ ಸಂಜೆ ಹೋಗಿ. ಅಲ್ಲಿ ಬೇರೆಯವರ ಕಾರ್ಯಕ್ರಮ ನಡೆಯುತ್ತಿರುವಾಗಲೇ ಹೋಗಿ. ಬಿಡಲ್ಲ ಅಂದ್ರೆ ಅಲ್ಲಿಂದಲೇ ವಾಪಸ್ ಬನ್ನಿ. ಗೋಡೆಗಳನ್ನು ತಟ್ಟಿ ನೋಡಿ, ನಕ್ಕರೆ ನಗಲಿ. ಮೇಲೆ ಸೀಲಿಂಗ್‌ನಲ್ಲಿ ಪಾರ್ಟಿಷನ್ ಜಾರುವ ಹಳಿ ಕಂಡರೆ ಮುಗೀತು. ಎಷ್ಟು ಜನ ಹಿಡಿಸ್ತಾರೆ ಅಂತ ಕೇಳಬೇಡಿ. ವೇದಿಕೆ ಹಾಕಿದ ಮೇಲೆ ಎಷ್ಟು ಮೇಜು ಹಿಡಿಸುತ್ತೆ ಅಂತ ಕೇಳಿ. ಅದೇ ದಿನ ಅದೇ ಮಹಡಿಯಲ್ಲಿ ಬೇರೆ ಬುಕಿಂಗ್ ತಗೊಳ್ಳಲ್ಲ ಅನ್ನುವುದು, ಕನಿಷ್ಠ ಎಷ್ಟು ಪ್ಲೇಟಿಗೆ ಬಿಲ್ ಅನ್ನುವುದು, ಈ ಎರಡೂ ಅಡ್ವಾನ್ಸ್‌ಗೆ ಮುಂಚೆ ಬರಹದಲ್ಲಿ ಬರಬೇಕು. ಬಾಯಿಮಾತಿನಲ್ಲಿ ಅವರು ಇಡೀ ಕಟ್ಟಡವನ್ನೇ ನಿಮ್ಮ ಹೆಸರಿಗೆ ಬರೆದುಕೊಡ್ತಾರೆ.

ಇನ್ನು "ಇನ್ನೊಂದು ಪಾರ್ಟಿ ಇದೇ ಡೇಟ್ ಕೇಳ್ತಿದ್ದಾರೆ ಸರ್, ಸಂಜೆಯೊಳಗೆ ಬ್ಲಾಕ್ ಮಾಡಿ" ಅಂತ ಫೋನ್ ಬರುತ್ತೆ. ಬಂದೇ ಬರುತ್ತೆ. ಅವರಿಗೇ ಕೊಡಪ್ಪಾ ಅಂತ ಹೇಳಿ ಫೋನ್ ಇಡಿ.