ಕಂಪ್ಯೂಟರ್ ಶಕ್ತಿ ದಾನದ ಪಂದ್ಯಗಳು: ಫೋಲ್ಡಿಂಗ್, ಪೆಂಟಾಥ್ಲಾನ್, ಪ್ರೈಮ್‌ಗ್ರಿಡ್

ಮನೆಯಲ್ಲಿ ಸುಮ್ಮನೆ ಕೂತ ಕಂಪ್ಯೂಟರನ್ನು ವಿಜ್ಞಾನದ ಲೆಕ್ಕಕ್ಕೆ ಹಚ್ಚುವವರ ನಡುವೆ ತಂಡಗಳ ಪೈಪೋಟಿ ಇಂದು ನಿನ್ನೆಯದಲ್ಲ. 1999ರ ಮೇ ತಿಂಗಳಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯ, ರೇಡಿಯೋ ಸಂಕೇತಗಳಲ್ಲಿ ಅನ್ಯಗ್ರಹ ಜೀವಿಗಳ ಸುಳಿವು ಹುಡುಕುವ ಸೆಟಿ ಅಟ್ ಹೋಮ್ ಶುರು ಮಾಡಿದ ಮೇಲೆ ಜನ ಗುಂಪು ಕಟ್ಟಿಕೊಂಡು, ಯಾರು ಹೆಚ್ಚು ಟಾಸ್ಕ್ (ಹಂಚಿಕೊಟ್ಟ ಲೆಕ್ಕದ ತುಂಡು) ಮುಗಿಸುತ್ತಾರೆ ಎಂದು ಜಿದ್ದಿಗೆ ಬಿದ್ದರು. ಆ ಯೋಜನೆ 2020ರ ಮಾರ್ಚ್ ಕೊನೆಗೆ ಟಾಸ್ಕ್ ಹಂಚುವುದನ್ನು ನಿಲ್ಲಿಸಿದರೂ ಜಿದ್ದು ಮಾತ್ರ ನಿಂತಿಲ್ಲ. ನಾನು ಮತ್ತು ಕೆಲವು ಗೆಳೆಯರು ಈಗ ನಡೆಯುತ್ತಿರುವ ಮೂರು ಬಗೆಯ ಸ್ಪರ್ಧೆಗಳಲ್ಲಿ ಆಡಿ ನೋಡಿದ್ದೇವೆ: ಫೋಲ್ಡಿಂಗ್ ಅಟ್ ಹೋಮ್, ಪೆಂಟಾಥ್ಲಾನ್, ಪ್ರೈಮ್‌ಗ್ರಿಡ್. ಅಂಕ ಕೊಡುವ ನಿಯಮ ಹೇಗಿದೆಯೋ ಆಡುವವರ ನಡವಳಿಕೆಯೂ ಹಾಗೆಯೇ ತಿರುಗುತ್ತದೆ ಅನ್ನುವುದು ನಮಗೆ ಚೆನ್ನಾಗಿ ಮನದಟ್ಟಾಗಿದೆ. ಮೂರರಲ್ಲಿ ನನ್ನ ಮತ ಪ್ರೈಮ್‌ಗ್ರಿಡ್‌ಗೆ.

ಫೋಲ್ಡಿಂಗ್ ಅಟ್ ಹೋಮ್‌ನದು ಶುರು-ಕೊನೆ ಇರುವ ಪಂದ್ಯವಲ್ಲ, ವರ್ಷವಿಡೀ ಏರುತ್ತಾ ಇಳಿಯುತ್ತಾ ಇರುವ ತಂಡಗಳ ಪಟ್ಟಿ. ಪ್ರೋಟೀನ್ ಹೇಗೆ ಮಡಚಿಕೊಳ್ಳುತ್ತದೆ, ಹೇಗೆ ಅಲುಗಾಡುತ್ತದೆ ಎಂಬ ಲೆಕ್ಕ ಇದು. ಒಂದು ಟಾಸ್ಕ್ ಎಲ್ಲಿ ಮುಗಿಯಿತೋ ಅಲ್ಲಿಂದಲೇ ಮುಂದಿನದು ಶುರುವಾಗಬೇಕು. ನಾವು ತಡಮಾಡಿದರೆ ಆ ಸರಪಳಿ ಅಲ್ಲಿಗೇ ನಿಂತಿರುತ್ತದೆ. ಅದಕ್ಕಾಗಿಯೇ ಬೇಗ ಮುಗಿಸಿದವರಿಗೆ ಬೋನಸ್ ಇಟ್ಟಿದ್ದಾರೆ. ಬೋನಸ್ ಸಿಗಬೇಕಾದರೆ ಮೊದಲು ಪಾಸ್‌ಕೀ (ನಮ್ಮದೇ ಗುರುತಿನ ಸಂಕೇತ) ಹಾಕಿಕೊಂಡು ಹತ್ತು ಟಾಸ್ಕ್ ಮುಗಿಸಬೇಕು, ತೆಗೆದುಕೊಂಡದ್ದರಲ್ಲಿ ಶೇ. 80ರಷ್ಟಾದರೂ ಸರಿಯಾಗಿ ವಾಪಸ್ ಕೊಡಬೇಕು.

ಈ ನಿಯಮ ವಿಜ್ಞಾನಕ್ಕೆ ತುಂಬಾ ಒಳ್ಳೆಯದು, ಸಣ್ಣ ತಂಡಕ್ಕೆ ಕಷ್ಟ. ಬೋನಸ್ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ನನ್ನದಕ್ಕಿಂತ ನಾಲ್ಕು ಪಟ್ಟು ವೇಗದ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಅದೇ ಟಾಸ್ಕಿಗೆ ಸುಮಾರು ಎರಡು ಪಟ್ಟು ಪಾಯಿಂಟ್. ಅವರು ದಿನಕ್ಕೆ ನಾಲ್ಕು ಪಟ್ಟು ಟಾಸ್ಕ್ ಕೂಡ ಮುಗಿಸುವುದರಿಂದ ದಿನದ ಮೊತ್ತ ಎಂಟು ಪಟ್ಟು! ದುಬಾರಿ ಕಾರ್ಡ್ ಕೊಂಡ ಒಬ್ಬರು ಐದಾರು ಜನರ ತಂಡವನ್ನು ಸಲೀಸಾಗಿ ಹಿಂದೆ ಹಾಕಬಲ್ಲರು. ಹಾಗಿದ್ದೂ ಇಲ್ಲಿ ಪಾಯಿಂಟಿನ ಆಸೆ ಮತ್ತು ಸಂಶೋಧಕರ ಅಗತ್ಯ ಎರಡೂ ಒಂದೇ ದಿಕ್ಕಿಗೆ ಎಳೆಯುತ್ತವೆ, ಅದು ನನಗೆ ಬಹಳ ಹಿಡಿಸಿದ ಗುಣ.

ಪೆಂಟಾಥ್ಲಾನ್ ವಿಷಯದಲ್ಲಿ ಇದು ತಿರುಗುಮುರುಗು. ಸೆಟಿ ಜರ್ಮನಿ ಎಂಬ ತಂಡ 2010ರಿಂದ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮೇ ತಿಂಗಳಲ್ಲಿ, ನಡೆಸುವ ಈ ಪಂದ್ಯದಲ್ಲಿ, ಮನೆಯ ಕಂಪ್ಯೂಟರಿಗೆ ಟಾಸ್ಕ್ ತಂದು ಓಡಿಸುವ ಬೋಯಿಂಕ್ ತಂತ್ರಾಂಶದಲ್ಲಿ ಓಡುವ ಐದು ಯೋಜನೆಗಳಿಗೆ ಐದು ಓಟಗಳು. ಮ್ಯಾರಥಾನ್ 14 ದಿನ, ಸ್ಪ್ರಿಂಟ್ ಮೂರೇ ದಿನ. ಯಾವ ಓಟಕ್ಕೆ ಯಾವ ಯೋಜನೆ ಎಂಬುದು ಕೆಲವೇ ದಿನ ಮೊದಲು ಗೊತ್ತಾಗುತ್ತದೆ. ತಂಡದ ಒಗ್ಗಟ್ಟಿಗೆ ಇದರಷ್ಟು ಒಳ್ಳೆಯ ಆಟ ಇನ್ನೊಂದಿಲ್ಲ. ನಮ್ಮ ಬೆಳಗಿನ ಐದೂವರೆಗೆ ಸರಿಯಾಗಿ ಶುರು. ಜರ್ಮನಿಯಲ್ಲಿರುವ ಗೆಳೆಯನಿಗೆ ಆಗ ರಾತ್ರಿ ಎರಡು ಗಂಟೆ. 'ಎದ್ದಿದೀಯೇನೋ' ಎಂದು ವಾಟ್ಸಾಪ್‌ನಲ್ಲಿ ಕೇಳುವ ಮೊದಲೇ ಅವನ ಸ್ಕ್ರೀನ್‌ಶಾಟ್ ಬಂದು ಬಿದ್ದಿರುತ್ತದೆ.

ಆದರೆ ಇಲ್ಲಿ ಬಂಕರ್ ಎಂಬ ತಂತ್ರವಿದೆ, ನನಗೆ ಅದು ಸರಿ ಬರಲಿಲ್ಲ. ಪಂದ್ಯಕ್ಕೆ ಮುಂಚೆಯೇ ಟಾಸ್ಕ್ ತುಂಬಿಸಿಕೊಂಡು, ಬೋಯಿಂಕ್‌ನಲ್ಲಿ ನೆಟ್‌ವರ್ಕ್ ನಿಲ್ಲಿಸಿ, ಮುಗಿದದ್ದನ್ನು ಕಳಿಸದೆ ಇಟ್ಟುಕೊಳ್ಳುವುದು. ಮುಗಿದ ಟಾಸ್ಕ್‌ಗಳ ಎದುರು 'ಅಪ್‌ಲೋಡಿಂಗ್' ಎಂಬ ಸಾಲುಗಳು ಪುಟಗಟ್ಟಲೆ ಬೆಳೆಯುತ್ತವೆ. ಆಮೇಲೆ ಸಂತೆಯ ದಿನ ಗಂಟು ಬಿಚ್ಚಿದ ಹಾಗೆ ಎಲ್ಲರೂ ಒಟ್ಟಿಗೆ ಸುರಿಯುತ್ತಾರೆ, ಸರ್ವರ್ ಉಸಿರುಗಟ್ಟುತ್ತದೆ. ಹಲವು ಯೋಜನೆಗಳಲ್ಲಿ ಒಂದೇ ಟಾಸ್ಕನ್ನು ಇಬ್ಬರಿಗೆ ಕೊಟ್ಟು ಉತ್ತರ ತಾಳೆ ನೋಡುತ್ತಾರೆ. ನಾನು ಬಂಕರಿನಲ್ಲಿ ಇಟ್ಟುಕೊಂಡರೆ, ಪಂದ್ಯದ ಗೊಡವೆಯೇ ಇಲ್ಲದ ಇನ್ಯಾರದೋ ಕ್ರೆಡಿಟ್ (ಟಾಸ್ಕಿಗೆ ಸಿಗುವ ಅಂಕ) ಕೂಡ ಬಾಕಿ ಉಳಿಯುತ್ತದೆ. ಇದು ನಿಯಮಕ್ಕೆ ವಿರುದ್ಧವಲ್ಲ. ಮೇಲಿನ ಸ್ಥಾನ ಬೇಕೆಂದರೆ ಮಾಡಲೇಬೇಕು ಎನ್ನುವಷ್ಟು ರೂಢಿ. ಅದೇ ನನ್ನ ಆಕ್ಷೇಪ.

ಹವಾಮಾನವೂ ನಮಗೆ ಅನುಕೂಲವಿಲ್ಲ. ಮೇ ಅಂದರೆ ಇಲ್ಲಿ ಸೆಕೆ, ಸಂಜೆ ಗುಡುಗು-ಮಳೆ, ಅದರ ಹಿಂದೆಯೇ ಕರೆಂಟ್ ಹೋಗುವುದು. 200 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ 4.8 ಯೂನಿಟ್ ತಿನ್ನುತ್ತದೆ. 14 ದಿನಕ್ಕೆ 67 ಯೂನಿಟ್. ಕೋಣೆಯ ಫ್ಯಾನಿನ ಗಾಳಿಯೂ ಬಿಸಿಯಾಗಿ ಬರುತ್ತದೆ.

ಅವಿಭಾಜ್ಯ ಸಂಖ್ಯೆ ಹುಡುಕುವ ಪ್ರೈಮ್‌ಗ್ರಿಡ್ 2005ರಿಂದ ಇದೆ. ವರ್ಷಕ್ಕೆ ಹಲವು ಬಾರಿ ಅವರೇ ಚಾಲೆಂಜ್ ನಡೆಸುತ್ತಾರೆ; ತಂಡಕ್ಕೊಂದು, ವ್ಯಕ್ತಿಗೊಂದು ಪಟ್ಟಿ. ಇಲ್ಲಿ ಒಂದೇ ಒಂದು ನಿಯಮ ಎಲ್ಲವನ್ನೂ ನೆಟ್ಟಗೆ ಮಾಡಿಬಿಟ್ಟಿದೆ: ಪಂದ್ಯ ಶುರುವಾದ ಮೇಲೆ ಪಡೆದು, ಮುಗಿಯುವ ಮೊದಲು ಒಪ್ಪಿಸಿದ ಟಾಸ್ಕ್ ಮಾತ್ರ ಲೆಕ್ಕಕ್ಕೆ. ಕೂಡಿಡುವ ಮಾತೇ ಇಲ್ಲ. ಸಣ್ಣ ತಂಡವೂ ತನ್ನಂಥದೇ ಇನ್ನೊಂದು ತಂಡದ ಜೊತೆ ಗಂಟೆ ಗಂಟೆಗೂ ಹಗ್ಗಜಗ್ಗಾಟ ಆಡಬಹುದು, ಪಟ್ಟಿಯಲ್ಲಿ ಕಾಣುವುದು ಆ ಹೊತ್ತಿನ ನಿಜವಾದ ದುಡಿಮೆ. ಹೊಸ ಅವಿಭಾಜ್ಯ ಸಂಖ್ಯೆ ಸಿಕ್ಕರೆ, ಅದು ಸಾಕಷ್ಟು ದೊಡ್ಡದಾಗಿದ್ದರೆ, ಜಗತ್ತಿನ 5000 ಅತಿದೊಡ್ಡ ಅವಿಭಾಜ್ಯಗಳ ಪಟ್ಟಿಗೆ ಕಂಡುಹಿಡಿದವರ ಹೆಸರಿನೊಂದಿಗೆ ಸೇರುತ್ತದೆ. ಫೆಬ್ರವರಿಯಲ್ಲಿ ಸೈಕಲ್ ರೇಸಿನಂತೆ ಜರ್ಸಿ ಕೊಡುವ ಟೂರ್ ಡಿ ಪ್ರೈಮ್ಸ್ ಕೂಡ ಇದೆ. ಅದರಲ್ಲಿ ಅದೃಷ್ಟದ ಪಾಲು ದೊಡ್ಡದು, ತಂಡಕ್ಕಿಂತ ಒಬ್ಬೊಬ್ಬರ ಆಟ ಅದು.

ರೋಗದ ಸಂಶೋಧನೆಗೆ ನೆರವಾಗಬೇಕು ಎನ್ನುವವರಿಗೆ ಪ್ರೈಮ್‌ಗ್ರಿಡ್ ಸಪ್ಪೆ ಅನ್ನಿಸೀತು, ಆ ಮಾತಿಗೆ ನನ್ನ ತಕರಾರಿಲ್ಲ. ನಮ್ಮ ಮನೆಯ ಯಂತ್ರವೂ ಉಳಿದ ತಿಂಗಳುಗಳಲ್ಲಿ ಫೋಲ್ಡಿಂಗ್‌ಗೇ ದುಡಿಯುತ್ತದೆ. ಆದರೆ ಗೆಳೆಯರ ಜೊತೆ ಪೈಪೋಟಿಗೆ ಇಳಿಯಬೇಕೆಂದರೆ ಮೊದಲು ಪ್ರೈಮ್‌ಗ್ರಿಡ್‌ನ ಒಂದು ಚಾಲೆಂಜ್ ಆಡಿ. ಐದು ದಿನದ್ದಾದರೆ ಅದೇ 200 ವ್ಯಾಟ್ ಯಂತ್ರಕ್ಕೆ 24 ಯೂನಿಟ್ ಸಾಕು. ಬೋಯಿಂಕ್‌ನಲ್ಲಿ ಮುಂಗಡವಾಗಿ ಇಳಿಸಿಕೊಳ್ಳುವ ಟಾಸ್ಕ್ ಸಂಗ್ರಹವನ್ನು ಸೊನ್ನೆಗೆ ಇಡಿ. ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ ಒಂದೇ ಟಾಸ್ಕಿಗೆ ಹಚ್ಚಿ ನೋಡಿ, ದೊಡ್ಡ ಸಂಖ್ಯೆಗಳ ಲೆಕ್ಕ ಆಗ ಪ್ರೊಸೆಸರಿನೊಳಗಿನ ವೇಗದ ಕ್ಯಾಶ್ ಮೆಮೊರಿಯಲ್ಲೇ ಹಿಡಿದು ಬೇಗ ಮುಗಿಯುವುದುಂಟು. ಈ ಲೆಕ್ಕ ಪ್ರೊಸೆಸರನ್ನು ಮಾಮೂಲಿಗಿಂತ ಹೆಚ್ಚು ಕಾಯಿಸುತ್ತದೆ, ಹಾಗಾಗಿ ಶುರುವಿಗೆ ಮುಂಚೆ ಕೂಲರಿನ ದೂಳು ತೆಗೆಯಿರಿ. ಪಂದ್ಯ ಮುಗಿದಾಗ ಅರ್ಧಕ್ಕೆ ನಿಂತ ಟಾಸ್ಕ್ ಇದ್ದರೆ ಪೂರ್ತಿ ಮಾಡಿ ಕೊಡಿ, ಆಗದಿದ್ದರೆ ರದ್ದು ಮಾಡಿ. ಅದು ಕೂಡಲೇ ಇನ್ನೊಬ್ಬರಿಗೆ ಹೋಗುತ್ತದೆ.