ಹೋರ್ ಲಾಜಿಕ್ಕಾ, ಡೈಕ್‌ಸ್ಟ್ರಾ ದಾರೀನಾ: ಯಾವುದು ಮೊದಲು ಕಲೀಲಿ?

ಹೋರ್, ಡೈಕ್‌ಸ್ಟ್ರಾ ಇಬ್ಬರೂ ಕಂಪ್ಯೂಟರ್ ವಿಜ್ಞಾನಿಗಳು. ಇಬ್ಬರ ದಾರಿಗಳ ಉದ್ದೇಶ ಒಂದೇ, ಪ್ರೋಗ್ರಾಂ ಓಡಿಸದೇನೇ ಅದು ಸರಿ ಅಂತ ಸಾಧಿಸೋದು. ಹೋರ್ 1969ರಲ್ಲಿ ಕೊಟ್ಟಿದ್ದು ಮುಂಚಿನ ಷರತ್ತು, ಕೋಡು, ಆಮೇಲಿನ ಷರತ್ತು ಅನ್ನೋ ಮೂರರ ಜೋಡಣೆ, ಜೊತೆಗೆ ಲೂಪ್‌ಗೊಂದು ರೂಲ್. ಡೈಕ್‌ಸ್ಟ್ರಾ 1975ರಲ್ಲಿ ಉಲ್ಟಾ ಹಿಡಿದ್ರು, ಕೊನೇಲಿ ಏನು ಬೇಕು ಹೇಳಿ, ಶುರುವಲ್ಲಿ ಕನಿಷ್ಠ ಏನಿರಬೇಕು ಅಂತ ಲೆಕ್ಕ ಹಾಕ್ಕೊಂಡು ಹಿಂದಕ್ಕೆ ಬನ್ನಿ ಅಂತ. ಎಕ್ಸ್‌ಗೆ 1 ಕೂಡಿಸಿದ್ಮೇಲೆ ಅದು 5ಕ್ಕಿಂತ ಜಾಸ್ತಿ ಇರ್ಬೇಕಾ, ಮೊದಲು 4ಕ್ಕಿಂತ ಜಾಸ್ತಿ ಇದ್ರೆ ಸಾಕು, ಅಷ್ಟೇ.

ನಿಜವಾದ ವ್ಯತ್ಯಾಸ ಲೂಪಲ್ಲಿ. ಮುಗಿಯದೇ ಸುತ್ತೋ ವೈಲ್ ಲೂಪ್ ಬರೆದು, ಇದಾದ್ಮೇಲೆ 1 ಮತ್ತು 2 ಸಮ ಅಂತ ಹೋರ್ ಅವರ ಮೂಲ ರೂಲ್‌ಗಳಲ್ಲಿ ಆರಾಮಾಗಿ ಪ್ರೂವ್ ಮಾಡಬಹುದು, ನಗಬೇಡಿ, ಯಾಕಂದ್ರೆ ಅಲ್ಲಿ "ಮುಗಿದ್ರೆ" ಅನ್ನೋ ಮಾತು ಒಳಗೇ ಕೂತಿದೆ. ಡೈಕ್‌ಸ್ಟ್ರಾ ಹತ್ರ ಈ ಆಟ ನಡೆಯಲ್ಲ, ಮುಗಿಯೋದನ್ನೂ ತೋರಿಸಬೇಕು. ಇನ್ವೇರಿಯಂಟ್, ಅಂದ್ರೆ ಲೂಪಿನ ಪ್ರತಿ ಸುತ್ತಲ್ಲೂ ನಿಜವಾಗೇ ಉಳಿಯೋ ಷರತ್ತು, ಅದನ್ನ ಹುಡುಕೋ ತಲೆನೋವು ಮಾತ್ರ ಎರಡರಲ್ಲೂ ತಪ್ಪಲ್ಲ, ಒಂದು ಬೈನರಿ ಸರ್ಚ್‌ಗೆ ನನ್ನ ಇಡೀ ಭಾನುವಾರ ಹೋಯ್ತು.

ಪೇಪರ್ ಮೇಲೆ ಕೈಯಲ್ಲಿ ಬರೆಯೋದಾದ್ರೆ ಹೋರ್. ಪ್ರೋಗ್ರಾಂ ಸರಿ ಇದೆಯಾ ಅಂತ ತಾನೇ ಪರೀಕ್ಷೆ ಮಾಡೋ ಡಾಫ್ನಿ ಥರದ ಟೂಲ್ ಬಳಸೋ ಪ್ಲಾನ್ ಇದ್ರೆ ಡೈಕ್‌ಸ್ಟ್ರಾ ಕಲೀರಿ, ಒಳಗೆ ನಡೆಯೋದು ಹೆಚ್ಚುಕಮ್ಮಿ ಅದೇ ಲೆಕ್ಕ. ಗೋಟು (goto, ಕೋಡಲ್ಲಿ ಬೇರೆ ಕಡೆಗೆ ನೇರ ಹಾರೋ ಆದೇಶ) ತುಂಬಿರೋ ಹಳೇ ಕೋಡಾ? ಹಾಗಿದ್ರೆ ಫ್ಲೋಚಾರ್ಟ್ ಗೆರೆಗಳ ಮೇಲೇ ಷರತ್ತು ಬರೆಯೋ ಫ್ಲಾಯ್ಡ್ ಅವರ 1967ರ ದಾರಿ ನೋಡಿ.